ಮನೆಗೂ ಹೊಲಕ್ಕೂ ತಕ್ಕ ಬ್ಯಾಟರಿ

(ಕಲಘಟಗಿ ಬ್ಲಾಕಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಗಳ ಮಾತನ್ನು ನಾವು ಇಲ್ಲಿ ಪದೇ ಪದೇ ಆಡುತ್ತೇವೆ. ಇಂದು ಅವನ್ನು ಬದಿಗಿಟ್ಟು ಕೈಬ್ಯಾಟರಿಯ ವಿಷಯ ಹೇಳುವವನಿದ್ದೇನೆ. ಪಟ್ಟಣದವರು ಅದಕ್ಕೆ ಟಾರ್ಚ್ ಅನ್ನುತ್ತಾರೆ. ನಮ್ಮ ಕಡೆ ಬ್ಯಾಟರಿ ಎಂದೇ ರೂಢಿ. ಅದರ ಒಳಗೆ ಹಾಕುವದಕ್ಕೆ ನಾನು ಸೆಲ್ಲು ಅನ್ನುತ್ತೇನೆ, ಗೊಂದಲವಾಗಬಾರದು. ಅಂಗಡಿಗೆ ಹೋದರೆ ಸಿಕ್ಕುತ್ತದೆ, ಒತ್ತಿದರೆ ಹತ್ತುತ್ತದೆ, ಇದರಲ್ಲಿ ಹೇಳುವದೇನಿದೆ ಎಂದು ಕೆಲವರಿಗೆ ಅನಿಸಬಹುದು. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಬ್ಯಾಟರಿ ಕೊಳ್ಳುವಾಗ ಮಾತ್ರ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ತರುತ್ತೀರಿ. ಆದಕಾರಣ ಈ ಮಾತು ಬೇಕಾಯಿತು.

ರಾತ್ರಿ ಹೊರಗೆ ಹೋಗುವ ಕೆಲಸ ನಮಗೆ ತಪ್ಪಿದ್ದಲ್ಲ. ಮೂರು ಫೇಸಿನ ಕರೆಂಟು ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ಕಬ್ಬಿಗೆ, ಗೋವಿನಜೋಳಕ್ಕೆ ನೀರು ಹಾಯಿಸಲು ನಡುರಾತ್ರಿ ಹೋಗಲೇಬೇಕು. ಆಕಳು ಈಯುವದು ರಾತ್ರಿಯೇ, ಹಂದಿ ಹೊಲ ಹೊಗುವದೂ ರಾತ್ರಿಯೇ. ಭತ್ತದ ಬದುವಿನಲ್ಲಿ ಇಲಿಯ ಬಿಲ ಇದ್ದಲ್ಲಿ ಇಲಿ ತಿನ್ನಲು ಹಾವು ಬರುತ್ತದೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಡಿದು ಸುಮಾರು 12 ಲಕ್ಷ ಜನ ಸತ್ತರು. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಅವರಲ್ಲಿ ಬಹು ಮಂದಿ ಹಳ್ಳಿಯವರು, ಅರ್ಧದಷ್ಟು ಸಾವು ಮಳೆಗಾಲದ ನಾಲ್ಕು ತಿಂಗಳಲ್ಲಿ. 2024ರಲ್ಲಿ ನಮ್ಮ ರಾಜ್ಯ ಸರಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕದ್ದೆಂದು ಗೊತ್ತುಪಡಿಸಿತು. ಕಳ್ಳರ ಭಯ ಎಲ್ಲರಿಗೂ ಉಂಟು, ಅದರ ಮಾತೂ ಮುಂದೆ ಬರುತ್ತದೆ. ಆದರೆ ನನ್ನ ಎಣಿಕೆಯಲ್ಲಿ ಬ್ಯಾಟರಿಯ ಮೊದಲ ಕೆಲಸ ಕಾಲ ಮುಂದಿನ ನಾಲ್ಕು ಮೊಳ ನೆಲ ತೋರಿಸುವದು.

ಹಿರಿಯರಿಗೆ ಹಳೆಯ ಎರಡು ಸೆಲ್ಲಿನ ಬ್ಯಾಟರಿಯ ನೆನಪಿದ್ದೀತು. ಒಳಗೆ ತಂತಿ ಕಾದು ಬೆಳಗುವ ಬಲ್ಬು. ಸೆಲ್ಲಿನ ಶಕ್ತಿಯಲ್ಲಿ ಬಹುಪಾಲು ಕಾವಾಗಿ ಹೋಗಿ, ಸ್ವಲ್ಪವೇ ಬೆಳಕಾಗಿ ಬರುತ್ತಿತ್ತು. ಈಗಿನದು ಎಲ್.ಇ.ಡಿ. ನೀಲಿ ಬೆಳಕಿನ ಎಲ್.ಇ.ಡಿ. ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂದಿತು. ನೀಲಿ ಬಂದ ಮೇಲೆಯೇ ಬಿಳಿಯ ಬೆಳಕು ಸಾಧ್ಯವಾದದ್ದು. ಬೆಳಕನ್ನು ಲೂಮೆನ್ ಎಂಬ ಅಳತೆಯಿಂದ ಅಳೆಯುತ್ತಾರೆ. ಹಳೆಯ ಎರಡು ಸೆಲ್ಲಿನ ಬ್ಯಾಟರಿ ಹತ್ತಿಪ್ಪತ್ತು ಲೂಮೆನ್ ಕೊಟ್ಟರೆ ಹೆಚ್ಚು. ಇಂದು ಅಂಗೈಯಲ್ಲಿ ಮುಚ್ಚಿಹೋಗುವ ಸಣ್ಣ ಬ್ಯಾಟರಿ ಕೂಡ 100 ಲೂಮೆನ್ ಸುಲಭವಾಗಿ ಕೊಡುತ್ತದೆ. ಅಂದಮೇಲೆ ಬೆಳಕಿನ ಬಡತನ ಈಗಿಲ್ಲ. ಆ ಬೆಳಕು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದೇ ಈಗ ನೋಡಬೇಕಾದದ್ದು.

ಅಂಗಡಿಯವನು ಬ್ಯಾಟರಿಯನ್ನು ಆಚೆ ಓಣಿಯ ಕೊನೆಯ ಗೋಡೆಗೆ ಬಿಟ್ಟು ತೋರಿಸುತ್ತಾನೆ. ಎರಡು ಕಿಲೋಮೀಟರ್ ಹೋಗುತ್ತದೆ ಅನ್ನುತ್ತಾನೆ. ನೀವು ಖುಷಿಯಾಗಿ ತರುತ್ತೀರಿ. ಆ ಬೆಳಕು ಕೋಲಿನಂತೆ ನೆಟ್ಟಗೆ ಹೋಗುವಂಥದ್ದು. ಹೊಲದ ಬದುವಿನ ಮೇಲೆ ಅದನ್ನು ಹಿಡಿದು ನಡೆದರೆ ತಾಟಿನಷ್ಟು ಅಗಲದ ಒಂದು ಉರುಟು ಮಾತ್ರ ಕಣ್ಣು ಕುಕ್ಕುವಂತೆ ಬೆಳಗುತ್ತದೆ. ಅದರ ಸುತ್ತ ಕತ್ತಲೆ ಇನ್ನೂ ದಟ್ಟವಾಗಿ ಕಾಣುತ್ತದೆ. ಕೊಳಕುಮಂಡಲ ಒಣ ಎಲೆಗಳ ನಡುವೆ ಕದಲದೆ ಬಿದ್ದಿರುವ ಹಾವು. ಅದು ಆ ಉರುಟಿನ ಹೊರಗೇ ಇರುತ್ತದೆ. ಹೊಲಕ್ಕೆ ಬೇಕಾದದ್ದು ಅಗಲವಾಗಿ ಚೆಲ್ಲುವ ಬೆಳಕು. 100ರಿಂದ 200 ಲೂಮೆನ್ ಸಾಕು. ಬಣ್ಣವೂ ನೀಲಿಗೆ ತಿರುಗಿದ ಬಿಳಿಯಾಗಿರದೆ ಸ್ವಲ್ಪ ಹಳದಿ ಇರುವದು ಒಳ್ಳೆಯದು. ಮಣ್ಣಿನ ಬಣ್ಣ, ಕಸದ ಬಣ್ಣ, ಹಾವಿನ ಬಣ್ಣ ಬೇರೆ ಬೇರೆಯಾಗಿ ತೋರುವದು ಅದರಲ್ಲಿ.

ದೂರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಒಳ್ಳೆಯ ಕಂಪನಿಯವರು ಪೆಟ್ಟಿಗೆಯ ಮೇಲೆ 100 ಮೀಟರ್ ಎಂದು ಬರೆದಿದ್ದರೆ, ಅಷ್ಟು ದೂರದಲ್ಲಿ ಹುಣ್ಣಿಮೆಯ ಬೆಳದಿಂಗಳಷ್ಟು ಬೆಳಕು ಉಳಿಯುತ್ತದೆ ಎಂದು ಅರ್ಥ. ಬೆಳದಿಂಗಳಲ್ಲಿ ಯಾರೋ ನಿಂತದ್ದು ಕಂಡೀತು, ಯಾರೆಂದು ತಿಳಿಯದು. ಬರೆದ ದೂರದ ಅರ್ಧ ಹಿಡಿಯಿರಿ, ಅಲ್ಲಿ ನಾಲ್ಕು ಪಟ್ಟು ಬೆಳಕು ಇರುತ್ತದೆ. ಕಿಲೋಮೀಟರಿನ ಮಾತು ಹೇಳುವ ಅಗ್ಗದ ಪೆಟ್ಟಿಗೆಗಳನ್ನು ಮಾತ್ರ ಈ ಲೆಕ್ಕಕ್ಕೂ ತರಬೇಡಿರಿ.

ನೀರು ಹಾಯಿಸುವವರಿಗೆ ನಾನು ಹಣೆಗೆ ಕಟ್ಟುವ ಬ್ಯಾಟರಿಯನ್ನೇ ಹೇಳುತ್ತೇನೆ. ಸಲಿಕೆ ಹಿಡಿಯಲು ಎರಡೂ ಕೈ ಬೇಕು. ಬ್ಯಾಟರಿಯನ್ನು ಬಾಯಲ್ಲಿ ಕಚ್ಚಿಕೊಂಡು ಸ್ಟಾರ್ಟರಿನ ಪೆಟ್ಟಿಗೆ ತೆರೆಯುವವರನ್ನು ಎಷ್ಟೋ ಮಂದಿ ನೋಡಿದ್ದೀರಿ, ಒದ್ದೆ ಕೈ ಬೇರೆ. ಹಣೆಗೆ ಕಟ್ಟಿದರೆ ನೋಟ ಹೋದಲ್ಲಿ ಬೆಳಕು ಹೋಗುತ್ತದೆ. ಇನ್ನೊಂದು ಸೋಜಿಗ: ಅದನ್ನು ಕಟ್ಟಿಕೊಂಡು ಹುಲ್ಲಿನ ಕಡೆ ನೋಡಿದರೆ ಸಣ್ಣ ಸಣ್ಣ ಹೊಳಪಿನ ಚುಕ್ಕೆಗಳು ಕಾಣುತ್ತವೆ. ಇಬ್ಬನಿಯೆಂದು ತಿಳಿಯಬಹುದು, ಅವುಗಳಲ್ಲಿ ಬಹಳಷ್ಟು ಜೇಡರ ಹುಳದ ಕಣ್ಣು. ಬೆಳೆಯ ಹುಳ ತಿನ್ನುವ ಒಳ್ಳೆಯ ಗೆಳೆಯರು ಅವು. ದನ, ನಾಯಿ, ಚಿರತೆ ಇವುಗಳ ಕಣ್ಣೂ ಹೊಳೆಯುತ್ತವೆ. ಹಾವಿನ ಕಣ್ಣು ಹೊಳೆಯುವದಿಲ್ಲ. ಆದ್ದರಿಂದ ಹೊಳಪಿಲ್ಲ, ಏನೂ ಇಲ್ಲ ಎಂದು ಹೆಜ್ಜೆ ಇಡಬಾರದು. ಬಡಿಗೆಯಿಂದ ನೆಲ ತಟ್ಟುತ್ತ, ಕಾಲಿಗೆ ಬೂಟು ಹಾಕಿಕೊಂಡು ನಡೆಯಿರಿ.

ಕಟ್ಟು ಹಾವು ರಾತ್ರಿ ಮನೆಯೊಳಗೇ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಕಡಿದದ್ದು ಬಹಳ ಸಲ ನೋಯುವದೂ ಇಲ್ಲ. ಹಾಸಿಗೆ ಹಾಸುವ ಮುಂಚೆ ಮೂಲೆ, ಕೌದಿಯ ಮಡಿಕೆ, ಕಟ್ಟಿಗೆಯ ಒಟ್ಟಿಲು ಇವುಗಳ ಮೇಲೆ ಒಮ್ಮೆ ಬ್ಯಾಟರಿ ಬಿಡಿರಿ. ಮಂಚ, ಸೊಳ್ಳೆ ಪರದೆ ಇದ್ದರೆ ಇನ್ನೂ ಒಳ್ಳೆಯದು. ಹಾವು ಕಡಿದರೆ ಕೊಯ್ಯಬೇಡಿರಿ, ಬಿಗಿಯಾಗಿ ಕಟ್ಟಬೇಡಿರಿ, ಮಂತ್ರದವರ ಮನೆಗೆ ಅಲೆಯಬೇಡಿರಿ. ಕಡಿದ ಕೈ-ಕಾಲು ಅಲುಗಾಡಿಸದೆ 108ಕ್ಕೆ ಫೋನು ಮಾಡಿ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಔಷಧ ಅಲ್ಲಿದೆ.

ಇಲ್ಲಿಯೇ ಮೊಬೈಲಿನ ಮಾತು. ಅದರಲ್ಲಿಯೇ ಬೆಳಕಿದೆ, ಬೇರೆ ಬ್ಯಾಟರಿ ಏಕೆ ಎಂದು ಹುಡುಗರು ಕೇಳುತ್ತಾರೆ. ಕೀಲಿ ಹುಡುಕಲು ಆ ಬೆಳಕು ಸಾಕು. ಹೊಲದಲ್ಲಿ ಅದು ಕಾಲುವೆಗೆ ಬಿದ್ದರೆ, ಇಲ್ಲವೆ ಚಾರ್ಜು ತೀರಿದರೆ ಬೆಳಕೂ ಹೋಯಿತು, 108ಕ್ಕೆ ಫೋನು ಮಾಡುವದೂ ಹೋಯಿತು. ಎರಡು ಜೀವಾಳದ ಕೆಲಸ ಒಂದೇ ಸೆಲ್ಲಿನ ಮೇಲೆ ಬಿಡುವದು ಜಾಣತನವಲ್ಲ.

ಈಗ ಮನೆಯ ಕಾವಲು. ನಡುರಾತ್ರಿ ನಾಯಿ ಬೊಗಳಿತು, ಹಿತ್ತಲಲ್ಲಿ ಏನೋ ಸಪ್ಪಳವಾಯಿತು. ನಮ್ಮವರು ಬಡಿಗೆ ಹಿಡಿದು ಕದ ತೆರೆದು ಹೊರಗೆ ಹಾರುತ್ತಾರೆ. ಅದು ಸರಿಯಲ್ಲ. ಮೊದಲು ಹೊರಗಿನ ದೀಪ ಹಚ್ಚಿರಿ. ಕದ ತೆರೆಯದೆ ಕಿಟಕಿಯಿಂದ ಬ್ಯಾಟರಿ ಬಿಡಿರಿ. ಬೆಳಕು ಎದುರಿಗಿನವನನ್ನು ತೋರಿಸುವಂತೆ ನಿಮ್ಮನ್ನೂ ಅವನಿಗೆ ತೋರಿಸುತ್ತದೆ. ಆದ್ದರಿಂದ ಬ್ಯಾಟರಿಯನ್ನು ಎದೆಯ ಮುಂದೆ ಹಿಡಿಯದೆ ಕೈ ಪಕ್ಕಕ್ಕೆ ಚಾಚಿ ಭುಜದ ಮೇಲೆ ಹಿಡಿಯಿರಿ. ಒಮ್ಮೆ ಹಚ್ಚಿ, ನೋಡಿ, ಆರಿಸಿ, ನಿಂತ ಜಾಗ ಬದಲಿಸಿರಿ. ಮುಖಕ್ಕೇ ಬೆಳಕು ಬಿಟ್ಟು ದೊಡ್ಡ ದನಿಯಲ್ಲಿ ಯಾರು ಎಂದು ಕೇಳಿರಿ. ಮಗ್ಗುಲ ಮನೆಯವರನ್ನು ಕೂಗಿರಿ, 112ಕ್ಕೆ ಫೋನು ಮಾಡಿರಿ.

ಬಂದವನು ಯಾರಿರಬಹುದೆಂದು ಸ್ವಲ್ಪ ಯೋಚಿಸಿರಿ. ಕೂಸಿಗೆ ಜ್ವರ ಬಂದು ಗಾಡಿ ಕೇಳಲು ಬಂದ ನೆರೆಯವನಿರಬಹುದು. ತಡವಾಗಿ ಬಂದ ಬೀಗರಿರಬಹುದು. ಕುಡಿದು ಮನೆ ತಪ್ಪಿದವನಿರಬಹುದು, ನಿಮ್ಮ ಮಗನೇ ಇರಬಹುದು. ಕತ್ತಲೆಯಲ್ಲಿ ಬೀಸಿದ ಬಡಿಗೆಗೆ ಇದು ತಿಳಿಯದು. ಮನೆಯ ರಕ್ಷಣೆಗೆ ಬ್ಯಾಟರಿ ಬೇಕೆಂದು ನಾನು ಹೇಳುವದು ಮುಖ್ಯವಾಗಿ ಈ ಗುರುತಿನ ಸಲುವಾಗಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಜೀವ ಮತ್ತು ಆಸ್ತಿ ಕಾಪಾಡಿಕೊಳ್ಳುವ ಹಕ್ಕು ಕೊಟ್ಟಿದ್ದಾರೆ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿಗೆ ಹೊಡೆಯುವ ಹಕ್ಕು ಕೊಟ್ಟಿಲ್ಲ. ಶಾಕ್ ಕೊಡುವ ಬ್ಯಾಟರಿ, ಕಬ್ಬಿಣದ ಹಲ್ಲಿನ ಬ್ಯಾಟರಿ ಎಂದು ಪೇಟೆಯಲ್ಲಿ ಮಾರುತ್ತಾರೆ. ಮಕ್ಕಳಿರುವ ಮನೆಗೆ ಅವು ಬೇಡ.

ಮನೆಯ ಬಾಗಿಲಿಗೆ ಇಡುವ ಬ್ಯಾಟರಿ ಹೊಲದ್ದಕ್ಕಿಂತ ಬಲವಾದದ್ದಿರಲಿ. 300ರಿಂದ 500 ಲೂಮೆನ್, ಹಿತ್ತಲು, ಬಣವಿ, ದನದ ಕೊಟ್ಟಿಗೆ ಇವಿಷ್ಟನ್ನು ನಿಚ್ಚಳವಾಗಿ ತೋರಿಸಿದರೆ ಸಾಕು. ಅಂದರೆ ಒಂದು ಮನೆಗೆ ಎರಡು ಬ್ಯಾಟರಿ ಎಂದಾಯಿತು. ಖರ್ಚು ಎನ್ನಬೇಡಿರಿ, ಒಂದೆರಡು ಚೀಲ ಯೂರಿಯಾದ ಬೆಲೆಯಲ್ಲಿ ಸಾಧಾರಣ ಬ್ಯಾಟರಿ ಬರುತ್ತದೆ.

ಆನೆಯ ಮಾತು ಬೇರೆ. ದಾಂಡೇಲಿ, ಹಳಿಯಾಳದ ಕಡೆಯ ಕಾಡಿನಿಂದ ಆನೆಗಳು ನಮ್ಮ ತಾಲೂಕಿನ ಹೊಲ-ಗದ್ದೆಗಳಿಗೆ ಇಳಿದದ್ದುಂಟು. ಬ್ಯಾಟರಿ ಹಿಡಿದು ಅದರ ಹತ್ತಿರ ಹೋಗುವದು ಶೌರ್ಯವಲ್ಲ. ಮನೆಯಲ್ಲಿಯೇ ಇದ್ದು ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿರಿ.

ಇನ್ನು ಸೆಲ್ಲು. ಮೂರು ಬಗೆ ಪೇಟೆಯಲ್ಲಿವೆ. ಒಂದು, ಮುಗಿದ ಮೇಲೆ ಬಿಸಾಡುವ ಒಂದೂವರೆ ವೋಲ್ಟಿನ ಸೆಲ್ಲು. ಯಾವ ಅಂಗಡಿಯಲ್ಲಿಯೂ ಸಿಗುತ್ತದೆ, ಅದೇ ಅದರ ಗುಣ. ಬಳಸದೆ ಒಳಗೇ ಬಿಟ್ಟರೆ ಸೋರಿ ಬ್ಯಾಟರಿಯನ್ನೇ ತಿಂದುಬಿಡುತ್ತದೆ. ಹಳೆಯದಕ್ಕೆ ಹೊಸದನ್ನು ಜೋಡಿಸಬಾರದು. ಬಿಸಿಲಿಗೆ ಇಟ್ಟರೆ ಸೆಲ್ಲಿಗೆ ಜೀವ ಬರುತ್ತದೆಂಬ ರೂಢಿಯಿದೆ. ಕಾವಿಗೆ ಉಳಿದ ಚೂರುಪಾರು ಹೊರಬರುತ್ತದೆ ಅಷ್ಟೆ, ಸೋರುವದೂ ಬೇಗ. ಎರಡನೆಯದು, ಅಗ್ಗದ ದೊಡ್ಡ ಚಾರ್ಜಿನ ಬ್ಯಾಟರಿಗಳಲ್ಲಿ ಇರುವ ಸೀಸದ ಸೆಲ್ಲು. ಎತ್ತಿ ಅಟ್ಟದ ಮೇಲಿಟ್ಟು ನಾಲ್ಕಾರು ತಿಂಗಳು ಮರೆತರೆ ಸತ್ತುಹೋಗುತ್ತದೆ. ನನಗೆ ಅದು ಸೇರದು. ಮೂರನೆಯದು ಲಿಥಿಯಂ ಸೆಲ್ಲು, ಈಗ ಎಲ್ಲರೂ ತರುತ್ತಿರುವದು, ತರತಕ್ಕದ್ದೂ ಅದೇ.

ಲಿಥಿಯಂ ಸೆಲ್ಲಿನ ಮೇಲೆ 18650 ಎಂಬ ಅಂಕಿ ಕಾಣುತ್ತೀರಿ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂದು ಅದರರ್ಥ. ಎಷ್ಟು ಹಿಡಿಯುತ್ತದೆ ಎಂಬುದನ್ನು ಎಂ.ಎ.ಎಚ್. ಎಂಬ ಅಳತೆಯಲ್ಲಿ ಬರೆಯುತ್ತಾರೆ. ಈ ಗಾತ್ರದ ಒಳ್ಳೆಯ ಸೆಲ್ಲು 2000ದಿಂದ 3500ರ ವರೆಗೆ ಹಿಡಿಯುತ್ತದೆ. 9900 ಎಂದು ಬರೆದದ್ದು ಕಂಡರೆ ಕೆಳಗಿಟ್ಟು ಬನ್ನಿರಿ. ಎರಡು ಸೇರಿನ ಪಾತ್ರೆಯಲ್ಲಿ ಆರು ಸೇರು ಹಾಲು ಹಿಡಿಯದು. 2000ದ ಸೆಲ್ಲಿನಲ್ಲಿ 3.7 ವೋಲ್ಟಿನ ಲೆಕ್ಕಕ್ಕೆ ಏಳು ವ್ಯಾಟ್-ತಾಸಿನಷ್ಟು ಶಕ್ತಿ ಇರುತ್ತದೆ. 100 ಲೂಮೆನ್ನಿಗೆ ಒಂದು ವ್ಯಾಟ್ ಎಂದು ಹಿಡಿದರೆ ಆರೇಳು ತಾಸು ಉರಿಯುತ್ತದೆ, ಒಂದು ರಾತ್ರಿಯ ಪಾಳಿಗೆ ಸಾಕು. ಅದನ್ನೇ 500 ಲೂಮೆನ್ನಿಗೆ ಉರಿಸಿದರೆ ಒಂದೂಕಾಲು ತಾಸಿಗೆ ಕತ್ತಲೆ. ಕಡಿಮೆ ಬೆಳಕಿನ ಮೆಟ್ಟಿಲು ಇರುವ ಬ್ಯಾಟರಿಯನ್ನೇ ಆರಿಸಬೇಕು ಎಂಬುದು ಇದಕ್ಕಾಗಿ.

ಅಂಗಡಿಯಲ್ಲಿ ನೋಡುವ ರೀತಿ ಹೀಗೆ. ಒಳಕೋಣೆಯ ಕತ್ತಲೆಗೆ ಒಯ್ದು ಗೋಡೆಯಿಂದ ನಾಲ್ಕು ಹೆಜ್ಜೆ ದೂರ ನಿಂತು ಹಚ್ಚಿರಿ. ನಡುವಿನ ಉರುಟಿನ ಸುತ್ತ ಮಂದವಾದ ಅಗಲ ಬೆಳಕು ಇದೆಯೋ ನೋಡಿರಿ. ಕಣ್ಣು ಮುಚ್ಚಿ, ಕೈ ಒದ್ದೆ ಮಾಡಿಕೊಂಡು ಗುಂಡಿ ಹುಡುಕಿರಿ. ಮೊದಲ ಒತ್ತಿಗೆ ನೇರ ಬೆಳಕು ಬರಬೇಕು. ಮಿಣುಕು ಬೆಳಕು ಬಂದು ಮೂರು ಸಲ ಒತ್ತಬೇಕಾದದ್ದು ಹೆದರಿದ ಹೊತ್ತಿನಲ್ಲಿ ಕೆಲಸಕ್ಕೆ ಬಾರದು. ತಿರುಪು ಬಿಚ್ಚಿ ರಬ್ಬರಿನ ಬಳೆ ಇದೆಯೋ ನೋಡಿರಿ. ಐ.ಪಿ.ಎಕ್ಸ್. 4 ಎಂದು ಬರೆದದ್ದು ಮಳೆಯ ಹನಿಗೆ ತಡೆಯುತ್ತದೆ, 7 ಎಂದು ಬರೆದದ್ದು ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಬಿದ್ದರೂ ತಡೆಯುತ್ತದೆ. ನಮ್ಮದು ಮಲೆನಾಡಿನ ಸೆರಗು. ನವಲಗುಂದದವರು 4ರಲ್ಲಿ ಸುಧಾರಿಸಿಕೊಂಡಾರು, ನಾವು 7 ಕೇಳುವದು ಲೇಸು. ಸೆಲ್ಲು ತೆಗೆದು ಬೇರೆ ಹಾಕಲು ಬರುವಂತಿರಲಿ, ಮೊಬೈಲಿನ ಚಾರ್ಜರಿನಿಂದಲೇ ಚಾರ್ಜು ಆಗುವಂತಿರಲಿ, ಸೆಲ್ಲಿನ ಮೇಲೆ ಬಿ.ಐ.ಎಸ್. ನೋಂದಣಿಯ ಗುರುತಿರಲಿ. ರಸೀದಿ ಬಿಡಬೇಡಿರಿ.

ಮನೆಯಲ್ಲಿ ಅದಕ್ಕೆ ಒಂದು ಗೂಟ ಗೊತ್ತುಮಾಡಿರಿ, ತಾಯಂದಿರಿಗೂ ಮಕ್ಕಳಿಗೂ ಕತ್ತಲೆಯಲ್ಲಿ ಕೈಗೆ ಸಿಗುವಷ್ಟು ಎತ್ತರದಲ್ಲಿ. ಸೋಮವಾರ ಎತ್ತಿಗೆ ಬಿಡುವು ಕೊಡುತ್ತೀರಿ, ಅಂದೇ ಬ್ಯಾಟರಿಗೆ ಚಾರ್ಜು ಕೊಡಿರಿ. ಹುಲ್ಲಿನ ಹತ್ತಿರ, ಹಾಸಿಗೆಯ ಮೇಲೆ ಇಟ್ಟು ಚಾರ್ಜು ಮಾಡಬೇಡಿರಿ. ಲಿಥಿಯಂ ಸೆಲ್ಲು ಕೆಟ್ಟರೆ ಬೆಂಕಿ ಹಿಡಿಯುತ್ತದೆ. ಉಬ್ಬಿದ ಸೆಲ್ಲನ್ನು ಆ ಕ್ಷಣವೇ ಬಳಕೆಯಿಂದ ತೆಗೆಯಿರಿ. ಮುಗಿದ ಸೆಲ್ಲುಗಳನ್ನು ತಿಪ್ಪೆಗೆ ಹಾಕುವ ರೂಢಿ ನಮ್ಮಲ್ಲಿ ಬಹಳ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಸೆಲ್ಲಿನೊಳಗಿನ ಲೋಹವೂ ಅದರ ಜೊತೆಗೇ ಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಸೆಲ್ಲುಗಳನ್ನು ತಿರುಗಿ ಪಡೆಯುವ ಹೊಣೆ ತಯಾರಿಸಿದವರದು. ಒಂದು ಡಬ್ಬಿಯಲ್ಲಿ ಕೂಡಿಟ್ಟು, ಪೇಟೆಗೆ ಹೋದಾಗ ಒಯ್ದು, ಹೊಸದನ್ನು ಕೊಳ್ಳುವ ಅಂಗಡಿಯಲ್ಲಿ ತೆಗೆದುಕೊಳ್ಳಿರೆಂದು ಕೇಳಿರಿ.