ಪಂಪ್‌ಸೆಟ್ಟಿಗೆ ಹಗಲು ಕರೆಂಟು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಭದ್ರಾ ನಾಲೆ ನೀರು ಕೊನೆಭಾಗಕ್ಕೆ ಬರುವಷ್ಟರಲ್ಲಿ ಸೊರಗುತ್ತದೆ. ಹಾಗಾಗಿ ದಾವಣಗೆರೆ, ಹರಿಹರ ಕಡೆಯ ನಾವು ಬಹಳ ಜನ ಬೋರು, ಮೋಟಾರು ನಂಬಿದವರು. ತ್ರೀಫೇಸ್ ಕರೆಂಟು ಸರಿರಾತ್ರಿ ಬಂದರೆ ಬ್ಯಾಟರಿ ಹಿಡಿದು ಹೊಲಕ್ಕೆ ಓಡಬೇಕು. ಹಾವು-ಚೇಳಿನ ಭಯ ಯಾರಿಗಿಲ್ಲ ಹೇಳಿ?

ರಾತ್ರಿ ಯಾಕೆ ಕೊಡ್ತಾರೆ? ಕರೆಂಟನ್ನು ಭತ್ತದಂತೆ ಚೀಲಕ್ಕೆ ತುಂಬಿಡುವುದು ಸುಲಭವಲ್ಲ. ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು. ಹಿಂದೆ ಶರಾವತಿ, ರಾಯಚೂರಿನ ಕರೆಂಟು ಹಗಲು ಪೇಟೆಗೆ, ಕಾರ್ಖಾನೆಗೆ ಹೋಗಿ, ರಾತ್ರಿ ಮಿಕ್ಕದ್ದು ನಮ್ಮ ಪಾಲಿಗೆ ಬರುತ್ತಿತ್ತು.

ಈಗ ಲೆಕ್ಕ ತಿರುಗಿದೆ. ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಭೂಮಿಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿದೆ. 2008ರಿಂದ ದೇಶದಲ್ಲಿ ಕರೆಂಟಿಗೂ ಒಂದು ಮಾರುಕಟ್ಟೆ ಇದೆ. ಅಲ್ಲಿ ಬಿಸಿಲು ಹೊತ್ತಿಗೆ ದರ ಇಳಿಯುತ್ತದೆ, ದೀಪ ಹಚ್ಚುವ ಹೊತ್ತಿಗೆ ಏರುತ್ತದೆ. ಅಂದಮೇಲೆ ಪಂಪ್‌ಸೆಟ್ಟಿಗೆ ಹಗಲೇ ಕೊಟ್ಟರೆ ಸರ್ಕಾರಕ್ಕೂ ಉಳಿತಾಯ, ನಮಗೂ ನೆಮ್ಮದಿ. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಫೀಡರಿಗೇ ಸೋಲಾರ್ ಜೋಡಿಸುವ ದಾರಿಯೂ ಆಗಿದೆ.

ಇದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಹುಕ್ಕೇರಿಯಲ್ಲಿ 1969ರಲ್ಲೇ ವಿದ್ಯುತ್ ಸಹಕಾರ ಸಂಘ ಕಟ್ಟಿ ಹಳ್ಳಿಹಳ್ಳಿಗೆ ಕರೆಂಟು ಹಂಚಿದರು. ನಾವು ಅಷ್ಟು ದೊಡ್ಡದಕ್ಕೆ ಕೈಹಾಕುವುದು ಬೇಡ. ಒಂದು ಫೀಡರಿನ ರೈತರೆಲ್ಲ ಒಂದೇ ಅರ್ಜಿಗೆ ಸಹಿ ಹಾಕೋಣ. ಸಂಘದ ಮೂಲಕ ಬೆಸ್ಕಾಂಗೆ ಕೊಡೋಣ.

ಇನ್ನೊಂದು ಮಾತು. ಹಗಲು ಕರೆಂಟು ಬಂತೆಂದು ಆಟೋ ಸ್ಟಾರ್ಟರ್ ಹಾಕಿ ನೀರು ಹರಿಯಬಿಟ್ಟರೆ ಬೋರು ಬತ್ತುತ್ತದೆ. ಸೂರ್ಯ ನಾಳೆಯೂ ಬರ್ತಾನೆ, ಬತ್ತಿದ ಅಂತರ್ಜಲ ಅಷ್ಟು ಬೇಗ ಬರೋದಿಲ್ಲ.

ಜೈ ಸಹಕಾರ!