ಡೈನೊಸಾರ್ ಗೂಡಿನಲ್ಲಿ ಸಿಕ್ಕ ಹಾವು



ವಿಜ್ಞಾನಿಯೊಬ್ಬರ ಬದುಕಿನ ಬಗ್ಗೆ ಮಾತಾಡುತ್ತೇನೆ ಅಂದಾಗ ನೀವು ಸಿ.ವಿ. ರಾಮನ್ ಹೆಸರನ್ನೋ ವಿಶ್ವೇಶ್ವರಯ್ಯನವರ ಹೆಸರನ್ನೋ ನಿರೀಕ್ಷಿಸಿರಬಹುದು. ವಿಶ್ವೇಶ್ವರಯ್ಯನವರಂತೂ ಖಡಕ್‌ವಾಸ್ಲಾ ಅಣೆಕಟ್ಟಿನ ಬಾಗಿಲುಗಳ ದೆಸೆಯಿಂದ ಈ ಪುಣೆಗೇ ಸೇರಿದವರು. ನಾನು ಆರಿಸಿಕೊಂಡಿರುವುದು ಧನಂಜಯ ಮೋಹಬೆ ಅವರನ್ನು. ನಾಗಪುರದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಳೆಯುಳಿಕೆ ವಿಭಾಗದಲ್ಲಿದ್ದು ಡೈನೊಸಾರ್ ಮೊಟ್ಟೆಗಳ ಮೇಲೆ ದುಡಿದವರು. ಅವರ ಮನೆಮಾತು, ಬಾಲ್ಯ, ಬಿರುದು-ಬಾವಲಿಗಳ ಕಡೆಗೆ ಹೋಗುವುದಿಲ್ಲ. ಕೆಲಸದ ಕಥೆಯೇ ಸಾಕಷ್ಟಿದೆ.

ಪುಣೆಯಲ್ಲಿ ನಿಂತು ಡೈನೊಸಾರ್ ಮಾತೇಕೆ ಅಂದರೆ, ನಾವು ನಿಂತ ನೆಲಕ್ಕೂ ಅವುಗಳ ಕೊನೆಗಾಲಕ್ಕೂ ನಂಟಿದೆ. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಡಿಯನ್ನು ನೋಡಿದ್ದೀರಿ. ನಮ್ಮ ರಾಷ್ಟ್ರಕೂಟರ ಕಾಲದಲ್ಲಿ, 8ನೆಯ ಶತಮಾನದಲ್ಲಿ, ಕರಿಕಲ್ಲನ್ನು ಕೊರೆದು ಮಾಡಿದ್ದು. ಆ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಪದರದ ಮೇಲೆ ಪದರವಾಗಿ ಹರಿದು ಆರಿದ ಲಾವಾ. ದಖ್ಖನ್ನಿನ ಈ ಲಾವಾ ಹರಹು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಉಳಿದಿದೆ. ಬೆಳಗಾವಿ, ವಿಜಯಪುರ, ಕಲಬುರಗಿಯ ಎರೆಭೂಮಿ ಇದೇ ಕಲ್ಲು ಸವೆದು ಆದ ಮಣ್ಣು. ಡೈನೊಸಾರ್‌ಗಳು ಅಳಿದದ್ದೂ ಇದೇ ಹೊತ್ತಿಗೆ. ಮೆಕ್ಸಿಕೋ ಬಳಿ ಬಿದ್ದ ಆಕಾಶಕಾಯ ಕೊಂದಿತೋ, ಈ ಲಾವಾದ ಅನಿಲಗಳೂ ಕೈ ಸೇರಿಸಿದವೋ ಎಂಬ ವಾದ ಮುಗಿದಿಲ್ಲ. ನಾನಿಲ್ಲಿ ತೀರ್ಪು ಕೊಡಹೊರಟಿಲ್ಲ. ಒಂದು ಮಾತು ಮಾತ್ರ ಹೇಳಬೇಕು: ಮೊದಲ ಲಾವಾ ಹರಿದ ಕೂಡಲೇ ಅವು ನಿರ್ನಾಮವಾಗಲಿಲ್ಲ. ಕಚ್ಛದ ಅಂಜಾರ್‌ನಲ್ಲಿ ಎರಡು ಲಾವಾ ಪದರಗಳ ನಡುವಿನ ಕೆಸರಿನಲ್ಲೂ ಅವುಗಳ ಅವಶೇಷ ಸಿಕ್ಕಿದೆ.

ಕುದಿವ ಲಾವಾದಲ್ಲಿ ಎಲುಬು ಉಳಿಯುವುದಿಲ್ಲ. ಹುಡುಕಬೇಕಾದದ್ದು ಅದರ ಅಡಿಯ ಸುಣ್ಣಕಲ್ಲು, ಮರಳುಗಲ್ಲುಗಳಲ್ಲಿ. ಜಬಲಪುರದ ಲಮೇಟಾ ಘಾಟಿನ ಹೆಸರು ಹೊತ್ತ ಈ ಪದರ ಗುಜರಾತ್, ಮಧ್ಯಪ್ರದೇಶ, ವಿದರ್ಭಗಳಲ್ಲಿ ಅಲ್ಲಲ್ಲಿ ಹೊರಗೆ ಇಣುಕುತ್ತದೆ. ನಮ್ಮಲ್ಲಿ ಅಲ್ಲಿಗೆ ಹೋಗುವವನು ಡೈನೊಸಾರ್ ಹುಡುಕಲೆಂದೇ ಹೋಗುವುದು ಅಪರೂಪ. ಮೋಹಬೆ ಇದ್ದ ಸರ್ವೇಕ್ಷಣೆ 1851ರಲ್ಲಿ ಕಲ್ಲಿದ್ದಲಿಗಾಗಿ ಹುಟ್ಟಿದ ಇಲಾಖೆ. ನಕ್ಷೆ ಬರೆ, ಖನಿಜ ಎಲ್ಲಿದೆ ಹೇಳು ಎಂಬುದೇ ಆಜ್ಞೆ. 1981ರಲ್ಲಿ ಜಿ.ಎನ್. ದ್ವಿವೇದಿ ಮತ್ತು ಮೋಹಬೆ ಗುಜರಾತಿನ ಆಗಿನ ಖೇಡಾ ಜಿಲ್ಲೆಯ ರಹಿಯೋಲಿ ಸೀಮೆಯ ಸರ್ವೆ ಮಾಡುತ್ತಿದ್ದಾಗ, ಸಿಮೆಂಟ್ ಕಂಪನಿಯ ಸುಣ್ಣಕಲ್ಲು ಗಣಿಯ ಕೆಲಸಗಾರರು ಚೆಂಡಿನಂಥ ಕಲ್ಲುಗಳನ್ನು ತಂದು ಕೈಗಿತ್ತರು. ಅವು ಡೈನೊಸಾರ್ ಮೊಟ್ಟೆಗಳು. ಅದೇ ಸೀಮೆಯ ಎಲುಬುಗಳನ್ನು ಇಲಾಖೆಯ ಸುರೇಶ್ ಶ್ರೀವಾಸ್ತವ ಶೇಖರಿಸಿದರು. ಅವೇ 2003ರಲ್ಲಿ ರಾಜಾಸಾರಸ್ ಎಂಬ ಮಾಂಸಾಹಾರಿ ಡೈನೊಸಾರ್ ಆದವು. ಮೋಹಬೆ ಮೊಟ್ಟೆಯ ಕಡೆಗೇ ಉಳಿದರು. ಚಿಪ್ಪನ್ನು ಕಾಗದದಷ್ಟು ತೆಳ್ಳಗೆ ತೇದು, ಸೂಕ್ಷ್ಮದರ್ಶಕದಡಿ ಉಸಿರಾಟದ ರಂಧ್ರ ಹೇಗಿವೆ, ಹರಳುಗಳು ಹೇಗೆ ನಿಂತಿವೆ ಎಂದು ನೋಡಿ ಮೊಟ್ಟೆಗಳನ್ನು ಜಾತಿವಾರು ಬೇರ್ಪಡಿಸುವುದು. ಪತ್ರಿಕೆಯ ಮುಖಪುಟಕ್ಕೆ ಒಗ್ಗುವ ಕೆಲಸವಲ್ಲ.

1984ರಲ್ಲಿ ಗುಜರಾತಿನ ಧೋಲಿ ಡುಂಗ್ರಿ ಹಳ್ಳಿಯ ಬಳಿ ಅವರಿಗೊಂದು ಕಲ್ಲುಚಪ್ಪಡಿ ಸಿಕ್ಕಿತು. ಅದರಲ್ಲಿ ಮೂರು ಮೊಟ್ಟೆ, ಒಂದು ಜಜ್ಜಿದ್ದು. ಪಕ್ಕದಲ್ಲಿ ಎಳೆಯ ಎಲುಬುಗಳು. ಮೊಟ್ಟೆಯೊಡೆದು ಬಂದ ಡೈನೊಸಾರ್ ಮರಿ ಎಂದು 1987ರಲ್ಲಿ ಲೇಖನ ಬರೆದರು. ಅದು ಅಚ್ಚಾದದ್ದು ಎಲ್ಲಿ ಗೊತ್ತೆ? ಬೆಂಗಳೂರಿನಿಂದ ಬರುವ ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕೆಯಲ್ಲಿ. ಆ ಪತ್ರಿಕೆಯನ್ನು ಕಟ್ಟಿ ಬೆಳೆಸಿದವರು ನಮ್ಮ ಬಿ.ಪಿ. ರಾಧಾಕೃಷ್ಣ, ಡಾರ್ವಿನ್ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದ ಭೂವಿಜ್ಞಾನಿ. ಕರ್ನಾಟಕದ ನೆಲದಿಂದ ಬಾರದ ಪಳೆಯುಳಿಕೆಯ ಮೊದಲ ಸುದ್ದಿ ಕರ್ನಾಟಕದಿಂದ ಹೊರಟಿತು.

ಹದಿನೇಳು ವರ್ಷ ಆ ಕಲ್ಲು ಹಾಗೇ ಇತ್ತು. 2001ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್ ಬಂದು ಅದನ್ನು ನೋಡಿದರು. ಅವರ ಕಣ್ಣು ನಿಂತದ್ದು ಬೆನ್ನೆಲುಬಿನ ಸಣ್ಣ ಮಣಿಗಳ ಮೇಲೆ. ಹಲ್ಲಿ, ಮೊಸಳೆ, ಡೈನೊಸಾರ್‌ಗಳಲ್ಲಿ ಒಂದು ಮಣಿ ಇನ್ನೊಂದನ್ನು ಹಿಡಿಯುವ ಸಾಮಾನ್ಯ ಕೀಲುಗಳಿರುತ್ತವೆ. ಹಾವಿಗೆ ಇವು ಸಾಲವು. ಅದರ ಪ್ರತಿ ಮಣಿಯ ಮುಂದೆ ಇನ್ನೊಂದು ಗೂಟ, ಹಿಂದೆ ಇನ್ನೊಂದು ಗುಳಿ. ಒಂದರ ಗೂಟ ಮತ್ತೊಂದರ ಗುಳಿಯಲ್ಲಿ ಕೂರುತ್ತದೆ. ಮೈ ಎಷ್ಟು ಬಳುಕಿದರೂ ತಿರುಚಿಕೊಳ್ಳದ ಹಾಗೆ ಈ ಏರ್ಪಾಡು. ಕಲ್ಲಿನಲ್ಲಿದ್ದ ಮಣಿಗಳಲ್ಲಿ ಆ ಗೂಟ, ಆ ಗುಳಿ ಕಂಡವು.

ಮುಂದಿನದು ಸರ್ಕಾರಿ ಕಾಗದಪತ್ರ, ಒಪ್ಪಂದ, ಅನುಮತಿ. ಅದನ್ನು ಬಲ್ಲವರಿಗೆ ಹೇಳಬೇಕಿಲ್ಲ. ಕೊನೆಗೆ ಕಲ್ಲು ಮಿಶಿಗನ್‌ಗೆ ಹೋಗಿ, ಸುಮಾರು ಒಂದು ವರ್ಷ ಅದರ ಕಣಕಣ ಬಿಡಿಸಿದ ಮೇಲೆ ಚಿತ್ರ ಪೂರ್ತಿಯಾಯಿತು. ಜಜ್ಜಿದ ಮೊಟ್ಟೆಯ ಸುತ್ತ ಹಾವು ಸುರುಳಿ ಸುತ್ತಿದೆ. ತಲೆ ಸುರುಳಿಯ ಮೇಲಿದೆ. ಪಕ್ಕದಲ್ಲಿ ಸುಮಾರು ಅರ್ಧ ಮೀಟರ್ ಉದ್ದದ ಮರಿ. ಹಾವಿನ ಉದ್ದ ಸುಮಾರು ಮೂರೂವರೆ ಮೀಟರ್. ಇಂದಿನ ಹೆಬ್ಬಾವಿನಷ್ಟು ಬಾಯಿ ಅಗಲಿಸಲು ಬಾರದ ಹಳೆಯ ಬಗೆಯ ದವಡೆ, ಹಾಗಾಗಿ ಮೊಟ್ಟೆಯನ್ನು ಇಡಿಯಾಗಿ ನುಂಗುವಂತಿಲ್ಲ. ಮರಿ ಹೊರಬರುವುದನ್ನೇ ಕಾದು ಹಿಡಿಯುತ್ತಿದ್ದಿರಬೇಕು. ಅಷ್ಟರಲ್ಲಿ ಮಳೆಗೋ ಬಿರುಗಾಳಿಗೋ ಕುಸಿದ ಮಣ್ಣು ಬೇಟೆ, ಬೇಟೆಗಾರ ಎರಡನ್ನೂ ಮುಚ್ಚಿತು. 2010ರ ಮಾರ್ಚ್‌ನಲ್ಲಿ ಅಚ್ಚಾದ ಲೇಖನವೊಂದರಲ್ಲಿ ಹಾವಿಗೆ ಸನಜೇ ಇಂಡಿಕಸ್ ಎಂದು ಹೆಸರಾಯಿತು.

ಆ ಲೇಖನದ ಲೇಖಕರಲ್ಲಿ ಮೋಹಬೆ ಅವರ ಹೆಸರಿದೆ. ನನಗೆ ದೊಡ್ಡದಾಗಿ ಕಂಡದ್ದು ಇದು. 1987ರಲ್ಲಿ ತಾವೇ ಬರೆದದ್ದನ್ನು ತಿದ್ದುವ ಬರಹಕ್ಕೆ ತಾವೇ ಸಹಿ ಹಾಕುವುದು ನಮ್ಮ ವಿದ್ವತ್ ವಲಯದಲ್ಲಿ ದಿನಾ ಕಾಣುವ ಸಂಗತಿಯಲ್ಲ. ಹಳೆಯ ಲೇಖನವೂ ವ್ಯರ್ಥವಾಗಲಿಲ್ಲ: ಮೊಟ್ಟೆ, ಮರಿ ಎರಡೂ ನಿಜವೇ, ಅವುಗಳ ನಡುವೆ ಇದ್ದ ಮೂರನೆಯದು ಕಂಡಿರಲಿಲ್ಲ. ಕಲ್ಲನ್ನು ಯಾರೂ ಎಸೆಯದೆ ಇಟ್ಟಿದ್ದರಿಂದಲೇ ತಿದ್ದುಪಡಿ ಸಾಧ್ಯವಾಯಿತು.

ಇಟ್ಟದ್ದು ಕಳೆದುಹೋಗುವುದೂ ಉಂಟು. ದಾರಿಗಳ್ಳರಾದ ಥಗ್ಗರನ್ನು ಅಡಗಿಸಿದ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ 1828ರಲ್ಲಿ ಜಬಲಪುರದಲ್ಲಿ ಸಿಕ್ಕ ಬಾಲದ ಮಣಿಗಳೇ ಭಾರತದ ಮೊದಲ ಡೈನೊಸಾರ್ ಎಲುಬುಗಳು. 1877ರಲ್ಲಿ ಲಿಡೆಕ್ಕರ್ ಎಂಬ ಪಳೆಯುಳಿಕೆ ತಜ್ಞ ಆ ಪ್ರಾಣಿಗೆ ಟೈಟಾನೊಸಾರಸ್ ಎಂದು ಹೆಸರಿಟ್ಟ. ಆಮೇಲೆ ಅವು ಎಲ್ಲಿ ಹೋದವೋ ತಿಳಿಯದಾಯಿತು. 2012ರಲ್ಲಿ ಕೋಲ್ಕತ್ತದ ಸರ್ವೇಕ್ಷಣೆಯ ಕೇಂದ್ರ ಕಚೇರಿಯ ಸಂಗ್ರಹದಲ್ಲೇ ಒಂದು ಮಣಿ ಮತ್ತೆ ಸಿಕ್ಕಿತು. ಅದನ್ನು ಗುರುತಿಸಿ ಮರುವರ್ಷ ಬರೆದವರಲ್ಲಿ ಮತ್ತೆ ಮೋಹಬೆ, ವಿಲ್ಸನ್ ಇದ್ದರು. ಅಚ್ಚಾದದ್ದು ಮತ್ತೆ ಬೆಂಗಳೂರಿನಲ್ಲಿ, ಕರೆಂಟ್ ಸೈನ್ಸ್‌ನಲ್ಲಿ. ಹೊಸದಾಗಿ ಅಗೆಯುವುದಕ್ಕೆ ಸಿಗುವ ಹಣ, ಗೌರವ ಹಳೆಯ ಪೆಟ್ಟಿಗೆ ತೆರೆಯುವುದಕ್ಕೂ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಉಗ್ರಾಣಿಕನಿಲ್ಲದ ವಸ್ತುಸಂಗ್ರಹಾಲಯ ಬರೀ ಕಟ್ಟಡ.

ಕೊನೆಗೆ ಒಂದು ಕೋರಿಕೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಸುತ್ತ ಲಾವಾ ಪದರಗಳ ನಡುವಿನ ಹಳೆಯ ಕೆರೆಗಳ ಕೆಸರಿನಲ್ಲಿ ಸಿಹಿನೀರಿನ ಸೂಕ್ಷ್ಮ ಜೀವಿಗಳ ಪಳೆಯುಳಿಕೆ ಈಗಾಗಲೇ ಸಿಕ್ಕಿವೆ. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಈ ಪುಣೆಯಲ್ಲಿ ಕಲ್ಲು ಒಡೆಯುವವರು, ಪಾಯ ತೋಡುವವರು, ಗುತ್ತಿಗೆ ಹಿಡಿದವರು ನಿಮ್ಮ ನೆಂಟರಿಷ್ಟರಲ್ಲೇ ಇದ್ದಾರೆ. ಊರಲ್ಲಿ ಬಾವಿ ತೋಡುವಾಗ, ಇಲ್ಲಿ ಗಣಿಯಲ್ಲಿ, ಕರಿಕಲ್ಲಿನ ನಡುವೆ ಬಿಳಿಚು ಮಣ್ಣಿನ ಪಟ್ಟೆ, ಶಂಖದ ಗುರುತು, ಉರುಟಾದ ಕಲ್ಲು ಕಂಡರೆ ಒಡೆಯಬೇಡಿ ಎಂದು ಅವರಿಗೆ ಹೇಳಿ. ಇದ್ದ ಜಾಗ, ಎಷ್ಟು ಅಡಿ ಆಳ ಬರೆದಿಡಲಿ, ಮೊಬೈಲಿನಲ್ಲಿ ಫೋಟೋ ತೆಗೆಯಲಿ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಿಳಿಸಲಿ. ರಹಿಯೋಲಿಯ ಮೊಟ್ಟೆಗಳನ್ನು ಮೊದಲು ಕೈಗೆತ್ತಿಕೊಂಡವರು ಗಣಿಯ ಕೂಲಿಗಳು.