ಥಂಡಿ ಕರೆದ ಹೂವು



ಇವತ್ತು ಮುಂಜಾನೆ ಈ ಸಭೆಗೆಂದು ಯಾದಗಿರಿ ಜಿಲ್ಲೆಯ ವಡಗೇರಾಕ್ಕೆ ಬರುವ ದಾರಿಯಲ್ಲಿ ಮಂಜು ಕವಿದಿತ್ತು. ಒಂದು ಹೊಲದ ಬದುವಿನಲ್ಲಿ ಮಾವಿನ ಗಿಡ ಕಂಡು ಗಾಡಿ ನಿಲ್ಲಿಸಿದೆ. ಪೂರ್ವದ ಕಡೆಯ ಟೊಂಗೆಗಳು ಹೂವಿನಿಂದ ತುಂಬಿದ್ದವು. ಪಶ್ಚಿಮದ ಕಡೆ ಒಂದು ಮೊಗ್ಗೂ ಒಡೆದಿರಲಿಲ್ಲ. ಕಡಲೆ ಹೊಲ ನೋಡಲು ಬಂದಿದ್ದ ತಾಯಿಯೊಬ್ಬರು, ‘ಏನ್ ನೋಡ್ಲಿಕತ್ತೀರಿ ಸರ?’ ಅಂದರು. ‘ಇದು ಯಾವಾಗ ಹೂ ಬಿಡ್ತವ್ವಾ?’ ಅಂತ ಕೇಳಿದೆ. ‘ಈ ಸಲ ಜಲ್ದಿನೇ ಬಿಟ್ಟದ ನೋಡ್ರಿ, ಥಂಡಿ ಜೋರಿತ್ತಲ್ಲ’ ಅಂದರು. ಹೋದ ವರ್ಷ ಯಾವಾಗ ಬಿಟ್ಟಿತ್ತು ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಅದು ನೆನಪಿಲ್ಲರಿ’ ಅಂದರು.

ಆ ತಾಯಿಯ ಮೊದಲ ಉತ್ತರದಲ್ಲಿ ಸಸ್ಯಶಾಸ್ತ್ರದ ಒಂದು ಅಧ್ಯಾಯವೇ ಇದೆ. ಎರಡನೆಯ ಉತ್ತರದಲ್ಲಿ ನಾವು ಇಲ್ಲಿ ಸೇರಿರುವುದರ ಕಾರಣ ಇದೆ. ಜಲ್ದಿ ಅಂದರೆ ಯಾವುದಕ್ಕಿಂತ ಜಲ್ದಿ? ಅದನ್ನು ಹೇಳಬಲ್ಲವರು ಈ ಸಭೆಯಲ್ಲಿ ಎಷ್ಟು ಜನ ಇದ್ದೇವೆ? ನನ್ನ ಕೈಯಲ್ಲೂ ಬಹಳ ವರ್ಷ ಅದಕ್ಕೆ ಉತ್ತರ ಇರಲಿಲ್ಲ.

ಚಳಿಗಾಲದಲ್ಲಿ ಬೇಗ ಹೂ ಬಿಡುವ ಗಿಡಗಳು ಎಂದಾಗ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ಹಿಮದ ಚಿತ್ರ. ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗ ಪ್ರತಿ ಫೆಬ್ರವರಿಯಲ್ಲಿ ಮೊಬೈಲಿಗೆ ಒಂದು ಫೋಟೋ ಕಳಿಸುತ್ತಾನೆ: ಬಿಳಿ ಹಿಮ, ಅದರ ನಡುವೆ ತಲೆ ಬಾಗಿಸಿ ನಿಂತ ಬಿಳಿ ಸ್ನೋಡ್ರಾಪ್ ಹೂವು. ಅದು ನಿಜಕ್ಕೂ ಗಟ್ಟಿ ಜೀವ. ನೆಲದೊಳಗಿನ ಗೆಡ್ಡೆಯಲ್ಲಿ ಹಿಂದಿನ ವರ್ಷದ ಆಹಾರ ಕೂಡಿಟ್ಟುಕೊಂಡು, ಗಟ್ಟಿ ತುದಿಯ ಎಲೆಯಿಂದ ಹೆಪ್ಪುಗಟ್ಟಿದ ಮಣ್ಣನ್ನು ಸೀಳಿ ಮೇಲೆ ಬರುತ್ತದೆ. ಕಡು ಚಳಿಯ ರಾತ್ರಿ ಸೋತು ನೆಲಕ್ಕೆ ಒರಗಿ, ಬಿಸಿಲು ಬಂದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ಅದರ ಮೇಲಿನ ಹಿಮ ಶತ್ರುವೂ ಅಲ್ಲ. ಹಿಮದ ಪದರದೊಳಗೆ ಸಿಕ್ಕಿಕೊಂಡ ಗಾಳಿ ಕೌದಿಯಂತೆ ಮಣ್ಣನ್ನು ಬೆಚ್ಚಗಿಡುತ್ತದೆ.

ಆ ಫೋಟೋ ಬರುವ ಹೊತ್ತಿಗೆ ನಮ್ಮ ಹಿತ್ತಲಿನ ಮಾವು ಅರ್ಧ ಹೂವು ಉದುರಿಸಿ, ಮೆಣಸಿನಕಾಳಿನ ಗಾತ್ರದ ಕಾಯಿ ಹಿಡಿದಿರುತ್ತದೆ. ಹುಡುಗರು ಕೇಳುತ್ತಾರೆ: ಸರ್, ಅಲ್ಲಿ ಹಿಮ ಇದ್ದರೂ ಹೂವು, ನಮ್ಮಲ್ಲಿ ಹಿಮ ಇಲ್ಲದಿದ್ದರೂ ಹೂವು, ಎರಡೂ ಒಂದೇ ಅಲ್ಲವೇ? ಒಂದೇ ಅಲ್ಲ. ಸ್ನೋಡ್ರಾಪ್ ಚಳಿಯನ್ನು ತಾಳಿಕೊಂಡು ಅರಳುತ್ತದೆ. ನಮ್ಮ ಮಾವು ಅರಳುವುದೇ ಚಳಿ ಕರೆದಿದ್ದಕ್ಕೆ. ನಮ್ಮ ಥಂಡಿ ಹೂವಿಗೆ ಅಡ್ಡಿಯಲ್ಲ, ಅಪ್ಪಣೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಹಿಮದ ದೇಶಗಳ ಪುಸ್ತಕದಿಂದ ಪಾಠ ತಂದರೆ ವಡಗೇರಾದ ಹಿತ್ತಲು ನಮಗೆ ಅರ್ಥವಾಗುವುದಿಲ್ಲ.

ಕೃಷ್ಣೆ ಮತ್ತು ಭೀಮೆಯ ನಡುವಿನ ಈ ಸೀಮೆಯಲ್ಲಿ ಬಿಸಿಲಿನ ಮಾತು ಹೆಚ್ಚು, ಚಳಿಯ ಮಾತು ಕಡಿಮೆ. ಆದರೆ ಡಿಸೆಂಬರ್, ಜನವರಿಯಲ್ಲಿ ಆಕಾಶ ತೊಳೆದಂತಿರುತ್ತದೆ, ಗಾಳಿ ಒಣಗಿರುತ್ತದೆ. ಹಗಲು ಎರೆ ಭೂಮಿ ಹೀರಿಕೊಂಡ ಶಾಖ ಮೋಡದ ಹೊದಿಕೆಯಿಲ್ಲದ ರಾತ್ರಿಯಲ್ಲಿ ಮೇಲಕ್ಕೆ ಹೋಗಿಬಿಡುತ್ತದೆ. ತಂಪಾದ ಗಾಳಿ ಭಾರ, ಅದು ತಗ್ಗಿಗೆ ಹರಿದು ನಿಲ್ಲುತ್ತದೆ. ಹಾಗಾಗಿ ಹಳ್ಳದ ದಂಡೆಯ ಹೊಲಕ್ಕೂ ದಿನ್ನೆಯ ಮೇಲಿನ ಮನೆಗೂ ಒಂದೇ ರಾತ್ರಿಯಲ್ಲಿ ಥಂಡಿಯ ಲೆಕ್ಕ ಬೇರೆ. ಉತ್ತರದಿಂದ ಶೀತಗಾಳಿ ಇಳಿದ ವಾರದಲ್ಲಿ ಊರವರೆಲ್ಲ ಕಂಬಳಿ ಹೊದ್ದು ಒಲೆಯ ಮುಂದೆ ಕೂರುತ್ತಾರೆ. ಮಾವಿನ ಟೊಂಗೆಯ ತುದಿಯಲ್ಲಿ ಅದೇ ವಾರ ಒಂದು ತೀರ್ಮಾನ ಆಗುತ್ತಿರುತ್ತದೆ.

ಆ ತೀರ್ಮಾನ ಹೀಗೆ. ಮಳೆಗಾಲದಲ್ಲಿ ಬಂದ ಚಿಗುರು ಕೆಲವು ತಿಂಗಳಲ್ಲಿ ಬಲಿತು ಸುಮ್ಮನಾಗುತ್ತದೆ. ರಾತ್ರಿಯ ಉಷ್ಣತೆ ಸತತವಾಗಿ ಕೆಲವು ದಿನ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದರೆ, ಬಲಿತ ಎಲೆಗಳಿಂದ ತುದಿಯ ಮೊಗ್ಗಿಗೆ ಸಂಕೇತ ಹೋಗುತ್ತದೆ. ಎಲೆಯಾಗಬೇಕಿದ್ದ ಮೊಗ್ಗು ಹೂವಾಗಿ ಹೊರಡುತ್ತದೆ. ಚಿಗುರು ಎಳೆಯದಾಗಿದ್ದರೆ ಥಂಡಿ ಕರೆದರೂ ಅದಕ್ಕೆ ಕೇಳಿಸುವುದಿಲ್ಲ. ನಾನು ಮುಂಜಾನೆ ನೋಡಿದ ಗಿಡದಲ್ಲಿ ಪಶ್ಚಿಮದ ಟೊಂಗೆಗಳು ತಡವಾಗಿ ಚಿಗುರಿದ್ದವು, ಎಲೆಗಳಲ್ಲಿ ಇನ್ನೂ ತಾಮ್ರದ ಬಣ್ಣ ಇತ್ತು. ಒಂದೇ ಬೇರಿನ ಮೇಲೆ ಎರಡು ವಯಸ್ಸು.

ನೆಲ ಒಣಗಿರುವುದೂ ಮುಖ್ಯ. ಬೇರಿನ ಸುತ್ತ ತೇವ ಉಳಿದರೆ ಗಿಡ ಹೂವಿನ ಬದಲು ಚಿಗುರಿಗೆ ಹೋಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಕಡೆ ಹರಿದ ಮೇಲೆ ಜೋಳ, ಶೇಂಗಾ ಬೆಳೆಯುತ್ತಿದ್ದ ಎಷ್ಟೋ ಹೊಲ ಗದ್ದೆಯಾಗಿದೆ. ಆ ನೀರು ಮನೆಮನೆಗೆ ಅನ್ನ ಕೊಟ್ಟಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಗದ್ದೆಯ ಪಕ್ಕದ ಹಳೆಯ ಮಾವಿನ ಗಿಡಕ್ಕೆ ಮಳೆ ನಿಂತ ಮೇಲೆ ಸಿಗುತ್ತಿದ್ದ ಒಣ ವಿಶ್ರಾಂತಿ ಈಗ ಸಿಗುತ್ತಿದೆಯೇ? ಇಲ್ಲಿಗೆ ಹತ್ತಿರದಲ್ಲೇ ಭೀಮರಾಯನಗುಡಿಯ ಕೃಷಿ ಕಾಲೇಜಿದೆ, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಕಾಲುವೆಯ ಕೆಳಗಿನ ಹತ್ತು ಗಿಡ, ಮೇಲಿನ ಹತ್ತು ಗಿಡ ಹಿಡಿದು ಐದು ವರ್ಷ ನೋಡಲು ದೊಡ್ಡ ಅನುದಾನ ಬೇಕಿಲ್ಲ.

ಎಲ್ಲ ಚಳಿಗಾಲದ ಹೂವಿಗೂ ಥಂಡಿಯೇ ಕಾರಣ ಎಂದು ತಿಳಿಯಬೇಡಿ. ಸೇವಂತಿಗೆ ಲೆಕ್ಕ ಹಾಕುವುದು ಕತ್ತಲೆಯನ್ನು. ಡಿಸೆಂಬರಿನಲ್ಲಿ ಇಲ್ಲಿ ಹಗಲು 11 ಗಂಟೆಯ ಆಸುಪಾಸಿಗೆ ಇಳಿಯುತ್ತದೆ, ರಾತ್ರಿ ಉದ್ದವಾಗುತ್ತದೆ. ಆ ಉದ್ದದ ಕತ್ತಲೆಯೇ ಸೇವಂತಿಗೆಯ ಮೊಗ್ಗಿಗೆ ಅಪ್ಪಣೆ. ನಮ್ಮ ಮನೆಯಲ್ಲಿ ಒಂದೇ ತಾಯಿಗಿಡದ ಎರಡು ಕುಂಡ ಇದ್ದವು. ಹಿತ್ತಲಿನ ಗೋಡೆಯ ಮರೆಯಲ್ಲಿದ್ದದ್ದು ಅಂಗೈ ಅಗಲದ ಹೂವು ಬಿಟ್ಟಿತು. ಅಂಗಳದಲ್ಲಿ ಬೀದಿದೀಪದ ಬೆಳಕಿಗೆ ಇದ್ದದ್ದು ಬರೀ ಎಲೆ ಬಿಡುತ್ತಾ ಹೋಯಿತು. ನನ್ನ ಹೆಂಡತಿ ಅದಕ್ಕೆ ಗೊಬ್ಬರ ಹಾಕಿದಳು, ಮಣ್ಣು ಬದಲಿಸಿದಳು. ಕೊನೆಗೆ ಒಂದು ಸಂಜೆ ಅದರ ಮೇಲೆ ಜೋಳದ ಪುಟ್ಟಿ ಬೋರಲು ಹಾಕಿ, ದಿನಾ ಸಂಜೆ ಮುಚ್ಚಿ ಬೆಳಿಗ್ಗೆ ತೆಗೆಯತೊಡಗಿದೆವು. ಕೆಲವು ವಾರದಲ್ಲಿ ಮೊಗ್ಗು ಕಂಡಿತು. ದುಂಡು ಮಲ್ಲಿಗೆಯದು ಇದರ ತದ್ವಿರುದ್ಧ ಕಥೆ, ಅದು ಬೇಸಿಗೆಯ ಮಗು. ಥಂಡಿಯಲ್ಲಿ ಮೊಗ್ಗು ಕೊಡುವುದೇ ಇಲ್ಲ ಅನ್ನುವಷ್ಟು ಕಡಿಮೆ, ಜನವರಿಯಲ್ಲಿ ಸಂತೆಗೆ ಹೋದವರಿಗೆ ಮೊಳದ ಬೆಲೆ ಗೊತ್ತು.

ಈಗ ಬೇಗ ಬಂದ ಹೂವಿನ ಕಷ್ಟಕ್ಕೆ ಬರುತ್ತೇನೆ. ಡಿಸೆಂಬರಿನಲ್ಲೇ ಮಾವು ಹೂ ಬಿಟ್ಟರೆ ನಾವು ಹಿಗ್ಗುತ್ತೇವೆ. ಬೇಗ ಹೂವು, ಬೇಗ ಹಣ್ಣು, ಒಳ್ಳೆಯ ರೇಟು. ಕಲ್ಟಾರ್ ಔಷಧಿ ಹಾಕಿ ಹೂವನ್ನು ಮುಂದಕ್ಕೆ ಎಳೆಯುವುದೂ ಈ ಆಸೆಯಿಂದಲೇ. ಆದರೆ ಹೂಗೊಂಚಲೊಂದನ್ನು ಕೈಯಲ್ಲಿ ಹಿಡಿದು, ಭೂತಗನ್ನಡಿಯಿಂದ ಒಂದೊಂದೇ ಹೂವನ್ನು ನೋಡಿ. ಕೆಲವದರ ನಡುವೆ ಸಣ್ಣ ಹಸಿರು ಹಳದಿ ಗುಂಡು ಇರುತ್ತದೆ, ಅದರ ಪಕ್ಕದಿಂದ ದಾರದಂತೆ ಒಂದು ಶಲಾಕೆ ಎದ್ದಿರುತ್ತದೆ. ಅದು ದ್ವಿಲಿಂಗಿ ಹೂವು, ಕಾಯಿ ಆಗಬಲ್ಲದ್ದು. ಉಳಿದವುಗಳಲ್ಲಿ ಆ ಗುಂಡು ಇರುವುದಿಲ್ಲ, ಕೆಂಪು ತಲೆಯ ಕೇಸರ ಮಾತ್ರ. ಅವು ಗಂಡು ಹೂವು. ಗೊಂಚಲು ಬೆಳೆಯುವಾಗ ಥಂಡಿ ಅತಿಯಾದರೆ ಗಂಡು ಹೂವಿನ ಪಾಲು ಹೆಚ್ಚುತ್ತದೆ, ಪರಾಗವೂ ಸತ್ವ ಕಳೆದುಕೊಳ್ಳುತ್ತದೆ. ಮೇಲಾಗಿ ಮಾವಿಗೆ ಪರಾಗಸ್ಪರ್ಶ ಮಾಡುವುದರಲ್ಲಿ ನೊಣಗಳದ್ದೇ ದೊಡ್ಡ ಪಾಲು. ಥಂಡಿಯ ಮುಂಜಾನೆ ಅವೂ ರೆಕ್ಕೆ ಬಿಚ್ಚುವುದಿಲ್ಲ. ಮಂಜು ಬಿದ್ದ ವಾರಗಳಲ್ಲಿ ಬೂದಿರೋಗ, ಜಿಗಿಹುಳುವಿನ ಕಾಟ ಬೇರೆ. ಗೊಂಚಲೊಂದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂವು. ಒಳ್ಳೆಯ ವರ್ಷದಲ್ಲೂ ಹಣ್ಣಾಗುವುದು ನೂರಕ್ಕೆ ಒಂದೂ ಇಲ್ಲ. ಬೇಗ ಬಂದ ಗೊಂಚಲಿಗೆ ಅಷ್ಟೂ ದಕ್ಕುವುದು ಕಷ್ಟ.

ನಮ್ಮ ತಂದೆಯ ಕಾಲದ ಗಿಡವೊಂದು ಒಂದು ವರ್ಷ ಡಿಸೆಂಬರಿನ ಶುರುವಿಗೇ ತುಂಬಿ ಹೂ ಬಿಟ್ಟಿತು. ಆಗ ನಾನು ಕಾಲೇಜು ಸೇರಿದ್ದೆ, ಈ ಸಲ ಹೊರೆ ಹೊರೆ ಕಾಯಿ ಎಂದು ಮನೆಯವರಿಗೆಲ್ಲ ಹೇಳಿದ್ದೆ. ಗೊಂಚಲುಗಳು ಕಪ್ಪಾಗಿ ಒಣಗಿದವು. ಜನವರಿ ಮುಗಿಯುವ ಹೊತ್ತಿಗೆ ಅದೇ ಗಿಡದ ಬೇರೆ ಟೊಂಗೆಗಳಲ್ಲಿ ಎರಡನೇ ಸಲ ಹೂವು ಬಂದು, ಆ ಬೇಸಿಗೆಯಲ್ಲಿ ನಾವು ತಿಂದಿದ್ದು ಅದರ ಹಣ್ಣನ್ನೇ. ಎರಡೂ ಹೂವಿನ ತಾರೀಖನ್ನು ನಾನು ಬರೆದಿಡಲಿಲ್ಲ. ಇವತ್ತಿಗೂ ಆ ವರ್ಷ ಯಾವುದೆಂದು ಖಚಿತವಾಗಿ ಹೇಳಲು ನನಗೆ ಆಗುವುದಿಲ್ಲ.

ಕಡಲೆಯ ಬಗ್ಗೆ ಒಂದು ಮಾತು, ಅದು ಹಿತ್ತಲಿನದಲ್ಲದಿದ್ದರೂ. ದಿನದ ಸರಾಸರಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿದ್ದರೆ ಕಡಲೆಯ ಹೂವು ಕಾಯಿ ಕಟ್ಟದೆ ಉದುರುತ್ತದೆ. ಉತ್ತರ ಭಾರತದಲ್ಲಿ ಇದು ದೊಡ್ಡ ಸಮಸ್ಯೆ. ನಮ್ಮಲ್ಲಿ ರಾತ್ರಿ ಎಷ್ಟೇ ಥಂಡಿ ಇದ್ದರೂ ಮಧ್ಯಾಹ್ನದ ಬಿಸಿಲು ಸರಾಸರಿಯನ್ನು ಮೇಲೆತ್ತುತ್ತದೆ, ಹಾಗಾಗಿ ಕಡಲೆ ಪಾರಾಗುತ್ತದೆ. ಎಲೆಯ ಮೇಲಿನ ಹುಳಿ ಇಬ್ಬನಿಯೊಂದಿಗೆ ಸೇರಿದಾಗ ಅದನ್ನು ಬಟ್ಟೆಗೆ ಹೀರಿಸಿ, ಹಿಂಡಿ, ಹೊಟ್ಟೆನೋವಿಗೆ ಎತ್ತಿಡುತ್ತಿದ್ದ ಅಜ್ಜಿಯರಿಗೆ ಈ ಥಂಡಿಯ ಬೆಲೆ ಚೆನ್ನಾಗಿ ಗೊತ್ತಿತ್ತು.

ಹಿಮವನ್ನು ನಮ್ಮ ನೆಲ ಕಂಡಿಲ್ಲ. ಬಿಳುಪಾಗಿ ನೆಲದ ಮೇಲೆ ಬೀಳುವುದು ಇಲ್ಲಿ ಆಲಿಕಲ್ಲು ಮಾತ್ರ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಸುರಿದ ಆಲಿಕಲ್ಲು ದ್ರಾಕ್ಷಿಯನ್ನು, ದಾಳಿಂಬೆಯನ್ನು, ಕಟಾವಿಗೆ ಬಂದ ಜೋಳವನ್ನು ನೆಲಕ್ಕೆ ಬಡಿಯಿತು. ಅಂಥ ವರ್ಷದಲ್ಲಿ ಬೇಗ ಕಾಯಿ ಹಿಡಿದ ಗಿಡಕ್ಕೆ ಲಾಭವೋ ತಡವಾಗಿ ಹೂ ಬಿಟ್ಟ ಗಿಡಕ್ಕೆ ಲಾಭವೋ ಎನ್ನುವುದು ತಾರೀಖು ಇಲ್ಲದೆ ಹೇಳಲಾಗದ ಮಾತು.

ಹೂವಿನ ತಾರೀಖು ಬರೆದಿಟ್ಟ ಜನರೂ ಇದ್ದಾರೆ. ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಹೂವು ತುಂಬಿ ಅರಳಿದ ದಿನಗಳ ದಾಖಲೆ ಒಂಬತ್ತನೇ ಶತಮಾನದಿಂದ ಸಿಗುತ್ತದೆ. ಅರಮನೆಯವರು, ಮಠದ ಸನ್ಯಾಸಿಗಳು ತಮ್ಮ ದಿನಚರಿಯಲ್ಲಿ ಹೂವಿನ ಹಬ್ಬದ ದಿನ ಬರೆದಿಟ್ಟಿದ್ದರು, ಅಷ್ಟೇ. ಆ ದಿನಚರಿಗಳ ಬಲದಿಂದಲೇ 2021ರ ಮಾರ್ಚ್ 26ರ ಹೂವು ಅಲ್ಲಿಯವರೆಗಿನ 1200 ವರ್ಷಗಳಲ್ಲಿ ಎಲ್ಲಕ್ಕಿಂತ ಬೇಗ ಬಂದದ್ದು ಎಂದು ಜಗತ್ತಿಗೆ ಹೇಳಲು ಸಾಧ್ಯವಾಯಿತು. ನಮ್ಮಲ್ಲಿ ಹಬ್ಬ ಇಲ್ಲವೇ? ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಉಣ್ಣುತ್ತೇವೆ. ಅವತ್ತು ಮಾವು ಕಣ್ಣು ಬಿಟ್ಟಿತ್ತೇ ಇಲ್ಲವೇ ಎಂದು ಹಿರಿಯರಿಗೆ ನೆನಪಿರುತ್ತದೆ. ಆದರೆ ಚಾಂದ್ರಮಾನದ ಹಬ್ಬ ಹಿಂದೆಮುಂದೆ ಸರಿಯುತ್ತದೆ. 2024ರಲ್ಲಿ ಎಳ್ಳ ಅಮಾವಾಸ್ಯೆ ಎರಡು ಸಲ ಬಂತು: ಒಂದು ಜನವರಿ 11ಕ್ಕೆ, ಇನ್ನೊಂದು ಡಿಸೆಂಬರ್ 30ಕ್ಕೆ. ‘ಅಮಾಸಿ ಹೊತ್ತಿಗೆ ಹೂ ಬಿಟ್ಟಿತ್ತು’ ಎಂಬ ನೆನಪು ಎಷ್ಟೇ ಪ್ರಾಮಾಣಿಕವಾಗಿದ್ದರೂ ಗಿಡದ ಲೆಕ್ಕಕ್ಕೆ ಸಾಲುವುದಿಲ್ಲ.

ಉಷ್ಣತೆಯನ್ನು ಬರೆಯುವವರು ಇದ್ದಾರೆ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನು ನಿಲ್ಲಿಸಿದೆ, ಅವು ರಾತ್ರಿಯ ಥಂಡಿಯನ್ನು ತಪ್ಪದೆ ಬರೆದುಕೊಳ್ಳುತ್ತವೆ. ಆ ಅಂಕಿಯ ಪಕ್ಕದಲ್ಲಿ ಇಡಲು ಹೂವಿನ ತಾರೀಖು ಬೇಕು, ಅದನ್ನು ಯಂತ್ರ ಬರೆಯುವುದಿಲ್ಲ. ಪ್ರತಿ ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಆಳಿನ ಪಗಾರ, ಎಮ್ಮೆ ಕಟ್ಟಿಸಿದ ದಿನ ಎಲ್ಲ ಅದರಲ್ಲಿ ಬರೆಯುತ್ತೇವೆ. ಅದೇ ಚೌಕದಲ್ಲಿ ಮೂರು ಸಾಲು ಸಾಕು: ಮೊಗ್ಗು ಒಡೆದ ದಿನ, ಮೊದಲ ಹೂವು ಅರಳಿದ ದಿನ, ಗಿಡದ ಅರ್ಧ ಹೂವಾದ ದಿನ. ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರನ್ನು ಒಲೆಗೆ ಹಾಕಬೇಡಿ, ವಿದ್ಯಾರ್ಥಿಗಳ ಕೈಗೆ ಕೊಡಿ. ಮರಗಳ ಋತುಚಕ್ರ ದಾಖಲಿಸುವ ಸೀಸನ್‌ವಾಚ್‌ನಂಥ ಯೋಜನೆಗಳು ದೇಶದಲ್ಲಿ ನಡೆದಿವೆ. ಯಾದಗಿರಿಯ ಎರೆ ಭೂಮಿಯ ಮಾವು, ನುಗ್ಗೆ, ಮುತ್ತುಗ ಅದರಲ್ಲಿ ಸೇರಬೇಕು ಎಂಬುದು ನನ್ನ ಆಸೆ.

ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧಗಳು ಬರುತ್ತವೆ, ಅವುಗಳ ಬಗ್ಗೆ ಮಂಡಿಸುವವರೇ ಮಾತಾಡಲಿ. ನಾನು ದಾರಿಯಲ್ಲಿ ಆ ತಾಯಿಯನ್ನು ಕೇಳಿ ಎರಡು ಗೊಂಚಲು ತಂದಿದ್ದೇನೆ, ಒಂದು ಪೂರ್ತಿ ಅರಳಿದ್ದು, ಇನ್ನೊಂದು ಈಗ ಅರಳುತ್ತಿರುವುದು. ಚಹಾ ವಿರಾಮದಲ್ಲಿ ಹಿಂದಿನ ಮೇಜಿನ ಮೇಲೆ ಬಿಳಿ ಕಾಗದದಲ್ಲಿ ಇಟ್ಟಿರುತ್ತೇನೆ, ಪಕ್ಕದಲ್ಲಿ ನಾಲ್ಕು ಭೂತಗನ್ನಡಿ ಇರುತ್ತವೆ. ಗಂಡು ಹೂವು ಎಷ್ಟು, ಹಸಿರು ಗುಂಡಿರುವ ಹೂವು ಎಷ್ಟು ಎಂದು ಎಣಿಸಿ, ಇವತ್ತಿನ ತಾರೀಖಿನ ಜೊತೆ ಆ ಕಾಗದದ ಮೇಲೆಯೇ ಬರೆಯಿರಿ. ಹಿಂದಿನ ಸಾಲಿನಲ್ಲಿ ಕೂತಿರುವ ರೈತ ಹಿರಿಯರು ಮೊದಲು ಬನ್ನಿ, ಹುಡುಗರು ನಿಮ್ಮ ಹೆಗಲ ಮೇಲಿಂದ ನೋಡಲಿ.